ಕಷ್ಟ ಬಂದಾಗ ಮಾತ್ರ ದೇವರು ನೆನಪಾದರೆ ತಪ್ಪಾ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಕಡೆಯ ಒಂಟಿಮನೆ. ಯಜಮಾನರು ತೀರಿಕೊಂಡರು. ಮಕ್ಕಳು ಬೆಂಗಳೂರು ಸೇರಿದ್ದಾರೆ. ಮಳೆ ಹಿಡಿದರೆ ಮಾತಾಡಲು ಒಂದು ಜನ ಇಲ್ಲ. ಚೆನ್ನಾಗಿದ್ದ ಕಾಲದಲ್ಲಿ ದೇವರ ಕೋಣೆಗೆ ಹೋಗಿದ್ದೇ ಕಡಿಮೆ. ಈಗ ಕೈಮುಗಿಯಲು ನಾಚಿಕೆ. ಇದು ಸ್ವಾರ್ಥ ಅಲ್ವಾ?

ಉತ್ತರ: ಖಂಡಿತ ಅಲ್ಲ. ‘ಸಂಕಟ ಬಂದಾಗ ವೆಂಕಟರಮಣ’ ಅಂತ ಹಂಗಿಸುವವರು ನಮ್ಮಲ್ಲಿ ಜಾಸ್ತಿ. ಸಿಗಂದೂರು ಚೌಡೇಶ್ವರಿಯ ಎದುರು ನಿಂತವರನ್ನೇ ನೋಡಿ. ಕಳ್ಳತನವಾದವರು, ಕಾಯಿಲೆಯವರು, ಜಮೀನು ತಗಾದೆಯವರು. ಎಲ್ಲ ಸರಿಯಿದ್ದು ಬಂದವರು ಎಷ್ಟು ಜನ? ಭಗವದ್ಗೀತೆಯ 7ನೇ ಅಧ್ಯಾಯದಲ್ಲಿ ಕೃಷ್ಣ ತನ್ನನ್ನು ಭಜಿಸುವವರನ್ನು ನಾಲ್ಕು ಬಗೆ ಮಾಡುತ್ತಾನೆ. ಮೊದಲು ಹೇಳುವುದೇ ಆರ್ತನನ್ನು, ಅಂದರೆ ಕಷ್ಟದಲ್ಲಿರುವವನನ್ನು. ಜ್ಞಾನಿ ತನಗೆ ಹೆಚ್ಚು ಹತ್ತಿರ ಅನ್ನುತ್ತಾನೆ ನಿಜ, ಆದರೆ ನಾಲ್ವರೂ ಒಳ್ಳೆಯವರೇ ಅನ್ನುತ್ತಾನೆ. ಅವನೇ ಹಂಗಿಸದ ಮೇಲೆ ಉಳಿದವರ ಮಾತು ಬಿಡಿ.

ಒಂಟಿತನದ ವಿಷಯಕ್ಕೆ ನಮ್ಮ ಜಿಲ್ಲೆಯವಳೇ ಒಬ್ಬಳಿದ್ದಾಳೆ. 12ನೇ ಶತಮಾನದ ಅಕ್ಕಮಹಾದೇವಿ, ಶಿಕಾರಿಪುರ ತಾಲ್ಲೂಕಿನ ಉಡುತಡಿಯವಳು. ಎಲ್ಲ ಬಿಟ್ಟು ಒಬ್ಬಳೇ ಹೊರಟವಳು. ಅವಳ ಒಂದು ವಚನದ ಲೆಕ್ಕ ಹೀಗಿದೆ: ಹಸಿವಿಗೆ ಊರಿನ ಭಿಕ್ಷೆ, ಬಾಯಾರಿಕೆಗೆ ಕೆರೆ ಬಾವಿ, ಮಲಗಲು ಹಾಳು ಗುಡಿ. ಜೀವದ ಜೊತೆಗೆ ಮಾತ್ರ ಚೆನ್ನಮಲ್ಲಿಕಾರ್ಜುನ. ನನಗೆ ಹಿಡಿಸುವುದು ಈ ಲೆಕ್ಕವೇ. ಹೊಟ್ಟೆಯ ಕೆಲಸ ಊರಿಗೆ ಬಿಟ್ಟಳು, ಜೊತೆಯ ಕೆಲಸ ದೇವರಿಗೆ ಕೊಟ್ಟಳು.

ಹಾಗಾಗಿ ಮಂತ್ರ ಬರಲ್ಲ, ಮಡಿ ಗೊತ್ತಿಲ್ಲ ಅಂತ ಹಿಂಜರಿಯಬೇಡಿ. ಸಂಜೆ ದೀಪ ಹಚ್ಚಿ ಸುಮ್ನೆ ಕೂತು ಹೇಳಿಕೊಳ್ಳಿ. ಅಡಿಕೆಗೆ ಕೊಳೆರೋಗ ಬಂದದ್ದು, ಎರಡನೇ ಔಷಧಿ ಹೊಡೆಯಲು ಮರ ಹತ್ತುವ ಕೊನೆಗಾರ ಸಿಗದ್ದು, ಮಗ ವಾರದಿಂದ ಫೋನ್ ಮಾಡದ್ದು, ಎಲ್ಲ. ಬೈಯಬೇಕು ಅನ್ನಿಸಿದರೆ ಬೈಯಿರಿ. ಹರಿದಾಸರೂ ತಮ್ಮ ಹಾಡಿನಲ್ಲಿ ದೇವರನ್ನು ಬೈಯದೆ ಬಿಟ್ಟಿಲ್ಲ. ಊರಲ್ಲಿ ಭಜನೆ ಇದ್ದರೆ ತಪ್ಪಿಸಬೇಡಿ. ಹಾಡಲು ಬರದಿದ್ದರೆ ತಾಳ ಹಾಕಿ. ಆಮೇಲೆ ಕಾಫಿ ಹಿಡಿದು ಜಗಲಿಯಲ್ಲಿ ಕೂರುವ ಅರ್ಧ ಗಂಟೆಗಾಗಿಯಾದರೂ ಹೋಗಿ.

ಆದರೆ ವಾರಗಟ್ಟಲೆ ನಿದ್ದೆ ಬಾರದಿದ್ದರೆ, ಊಟ ಸೇರದಿದ್ದರೆ, ಒಂದು ದಿನವಾದರೂ ಬದುಕೇ ಬೇಡ ಅನ್ನಿಸಿದರೆ, ದೇವರ ಜೊತೆಗೆ ಡಾಕ್ಟರಿಗೂ ಹೇಳಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416. ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಕರೆಂಟ್ ಹೋದರೆ ನಮ್ಮ ಕಡೆ ನೆಟ್‌ವರ್ಕ್ ಕೂಡ ಹೋಗುತ್ತೆ ಅಲ್ವಾ, ಅದಕ್ಕೇ ಹತ್ತಿರದ ಮನೆಯವರಿಗೂ ವಿಷಯ ಹೇಳಿಟ್ಟಿರಿ.