ಗಟ್ಟಿ ಎಲುಬಿನೊಳಗೆ ರಕ್ತ ಹರಿಯುವ ದಾರಿ

ಮಣಿಪಾಲದ ಅನಾಟಮಿ ಮ್ಯೂಸಿಯಂನಲ್ಲಿ ಅಸ್ಥಿಪಂಜರ ನೋಡಿದವರಿಗೆ ಎಲುಬೆಂದರೆ ದೇಹವನ್ನು ಹೊತ್ತು ನಿಲ್ಲುವ ನಿರ್ಜೀವ ಆಧಾರವೆಂದೇ ಅನಿಸಬಹುದು. ಆದರೆ ಮನುಷ್ಯನ ತೊಡೆಯೆಲುಬಿನ ಹಿಂಬದಿಯಲ್ಲಿ, ಉದ್ದಕ್ಕೆ ಸಾಗುವ ಒರಟು ಏಣಿನ ಬಳಿ, ಮೇಲ್ಮುಖವಾಗಿ ಓರೆಯಾಗಿ ಒಳಹೋಗುವ ಒಂದು ಸಣ್ಣ ರಂಧ್ರವಿರುತ್ತದೆ. ಜೀವಂತ ದೇಹದಲ್ಲಿ ಈ ರಂಧ್ರದ ಮೂಲಕ ಅಪಧಮನಿಯೊಂದು ಮಜ್ಜೆಯನ್ನು ತಲುಪಿ, ಅಲ್ಲಿಂದ ಮೇಲಕ್ಕೂ ಕೆಳಕ್ಕೂ ಕವಲೊಡೆಯುತ್ತದೆ.

ಎಲುಬು ಕೊಲಾಜೆನ್ ಎಂಬ ಪ್ರೋಟೀನಿನ ಎಳೆಗಳಿಂದಲೂ, ಅವುಗಳ ನಡುವೆ ಕೂತ ಕ್ಯಾಲ್ಸಿಯಂ ಮತ್ತು ಫಾಸ್ಫೇಟಿನ ಹರಳುಗಳಿಂದಲೂ ಆಗಿದೆ. ಕೋಳಿಯ ಕಾಲಿನ ಎಲುಬನ್ನು ಕೆಲವು ದಿನ ವಿನೆಗರ್‌ನಲ್ಲಿ ನೆನೆಸಿಟ್ಟರೆ ಖನಿಜ ಕರಗಿ, ಉಳಿದದ್ದು ಬೆರಳಲ್ಲೇ ಬಾಗುತ್ತದೆ; ಬೆಂಕಿಯಲ್ಲಿ ಸುಟ್ಟರೆ ಎಳೆಗಳು ನಾಶವಾಗಿ, ಮುಟ್ಟಿದರೆ ಪುಡಿಯಾಗುತ್ತದೆ. ಈ ಗಟ್ಟಿತನವೇ ಒಂದು ತೊಡಕನ್ನೂ ತಂದೊಡ್ಡುತ್ತದೆ. ಮೆದು ಅಂಗಾಂಶಗಳಲ್ಲಿ ಪೋಷಕಾಂಶಗಳು ಜಿನುಗಿ ಕೋಶದಿಂದ ಕೋಶಕ್ಕೆ ತಲುಪುತ್ತವೆ, ಖನಿಜ ತುಂಬಿದ ಎಲುಬಿನಲ್ಲಿ ಹಾಗೆ ಜಿನುಗಲು ಎಡೆಯೇ ಇಲ್ಲ.

ಆದ್ದರಿಂದ ಗಟ್ಟಿ ಎಲುಬಿನ ರಚನೆಯೆಲ್ಲ ರಕ್ತನಾಳದ ಸುತ್ತಲೇ ರೂಪುಗೊಂಡಿದೆ. ಸೂಕ್ಷ್ಮದರ್ಶಕದಲ್ಲಿ ಅದರ ಅಡ್ಡಸೀಳಿಕೆಯನ್ನು ನೋಡಿದರೆ ಒಂದರೊಳಗೊಂದು ಉಂಗುರಗಳಿರುವ, ಸುಮಾರು 0.2 ಮಿಲಿಮೀಟರ್ ಅಗಲದ ವೃತ್ತಗಳು ಒತ್ತೊತ್ತಾಗಿ ಕಾಣುತ್ತವೆ. ಪ್ರತಿಯೊಂದರ ನಡುವೆ ರಕ್ತನಾಳ ಹಾದುಹೋಗುವ ಕಾಲುವೆಯಿದೆ. 1691ರಲ್ಲಿ ಎಲುಬಿನ ಕುರಿತು ಗ್ರಂಥ ಪ್ರಕಟಿಸಿದ ಇಂಗ್ಲಿಷ್ ವೈದ್ಯ ಕ್ಲಾಪ್ಟನ್ ಹ್ಯಾವರ್ಸ್ ಅವರ ಹೆಸರೇ ಇದಕ್ಕೆ ಉಳಿದಿದೆ. ಉಂಗುರಗಳ ನಡುವಿನ ಪುಟ್ಟ ಗೂಡುಗಳಲ್ಲಿ ಆಸ್ಟಿಯೋಸೈಟ್ ಎಂಬ ಕೋಶಗಳು ಹುದುಗಿದ್ದು, ಕೂದಲಿಗಿಂತ ಎಷ್ಟೋ ಸಪೂರವಾದ ಓಣಿಗಳಲ್ಲಿ ಕೈಚಾಚಿ ಪಕ್ಕದ ಕೋಶವನ್ನು ಮುಟ್ಟುತ್ತವೆ. ನಡೆಯುವಾಗ ಎಲುಬಿನ ಮೇಲೆ ಬೀಳುವ ಭಾರ ಈ ಓಣಿಗಳ ದ್ರವವನ್ನು ಅತ್ತಿತ್ತ ತಳ್ಳುತ್ತದೆ. ಕೋಶಗಳಿಗೆ ಆಹಾರ ಮುಟ್ಟಲೂ, ಎಲ್ಲಿ ಎಲುಬು ಬಲಗೊಳ್ಳಬೇಕೆಂಬ ಸುಳಿವು ಸಿಗಲೂ ಈ ಚಲನೆ ನೆರವಾಗುತ್ತದೆ. ನಡಿಗೆ ಎಲುಬಿಗೂ ಬೇಕೆನ್ನುವುದು ಬರಿಯ ಉಪದೇಶವಲ್ಲ.

ಎಲುಬಿನ ತುದಿಗಳ ಒಳಭಾಗ ಮಾತ್ರ ನಮ್ಮೂರ ಮುರಕಲ್ಲಿನಂತೆ ತೂತುತೂತು. ಅಲ್ಲಿನ ತೆಳು ಪಟ್ಟಿಗಳಿಗೆ ಸುತ್ತಲಿನ ಮಜ್ಜೆಯಿಂದಲೇ ಪೋಷಣೆ ಸಿಗುವುದರಿಂದ ಹೆಚ್ಚಿನವುಗಳಲ್ಲಿ ಪ್ರತ್ಯೇಕ ಕಾಲುವೆ ಇರುವುದಿಲ್ಲ. ಹೊರಮೈಯನ್ನು ಆವರಿಸಿದ ಪೊರೆಯ ನಾಳಗಳು ಗಟ್ಟಿ ಪದರದ ಹೊರಭಾಗಕ್ಕೆ ರಕ್ತ ಒದಗಿಸುತ್ತವೆ.

ರಕ್ತಕ್ಕೆ ಹಲವು ದಾರಿಗಳಿರುವಲ್ಲಿ ಮುರಿತ ಬೇಗ ಕೂಡಿಕೊಳ್ಳುತ್ತದೆ. ಮಳೆಗಾಲದಲ್ಲಿ ಹಾವಸೆ ಕಟ್ಟಿದ ಅಂಗಳದಲ್ಲಿ ಜಾರಿಬಿದ್ದ ಅಜ್ಜಿಯ ತೊಡೆಯೆಲುಬು, ಸೊಂಟದ ಕೀಲಿನಲ್ಲಿ ಕೂರುವ ಚೆಂಡಿನಂಥ ತನ್ನ ತಲೆಯ ಕೆಳಗಿನ ಸಪೂರ ಭಾಗವಾದ ‘ಕುತ್ತಿಗೆ’ಯ ಬಳಿ ಮುರಿದರೆ ಸ್ಥಿತಿ ಬೇರೆ: ಎಲುಬಿನ ಆ ತಲೆಗೆ ರಕ್ತ ಒಯ್ಯುವ ಮುಖ್ಯ ನಾಳಗಳು ಕುತ್ತಿಗೆಯನ್ನು ಒತ್ತಿಕೊಂಡೇ ಸಾಗುವುದರಿಂದ, ತುಂಡುಗಳು ಸರಿದಾಗ ಅವೂ ಹರಿಯಬಹುದು. ಸ್ಕ್ರೂ ಹಾಕಿ ಜೋಡಿಸಿದರೂ ರಕ್ತ ಸಿಗದ ತಲೆ ಸಾಯುವ ಭಯವಿರುತ್ತದೆ. ಹಾಗಾಗಿಯೇ ವಯಸ್ಸಾದವರಲ್ಲಿ ವೈದ್ಯರು ಅನೇಕ ವೇಳೆ ಅದನ್ನು ತೆಗೆದು ಕೃತಕ ತಲೆಯನ್ನೇ ಕೂರಿಸುತ್ತಾರೆ.