ಕೇಳುವವರಿಲ್ಲದ ಹಣ: ಯಾರ ಕೈಯಲ್ಲಿದೆ, ಕೇಳಲು ಎಷ್ಟು ಕಾಲವಿದೆ

ಬಟವಾಡೆಯ ದಿನ ಬಾರದೆ ಊರಿಗೆ ಹೋಗಿಬಿಟ್ಟ ಗಿರಣಿ ಕಾರ್ಮಿಕರ ಸಂಬಳ ಒಂದು ಕಾಲಕ್ಕೆ ಗಿರಣಿಯ ಲೆಕ್ಕದ ಪುಸ್ತಕದಲ್ಲೇ ಉಳಿದುಬಿಡುತ್ತಿತ್ತು. ದಾವೆ ಹೂಡುವ ಅವಧಿ ಮುಗಿದರೆ ಆ ಹಣ ಮಾಲೀಕನಿಗೇ ದಕ್ಕುತ್ತಿತ್ತು. ಇದನ್ನು ತಪ್ಪಿಸಲು ಅಂದಿನ ಮುಂಬೈ ರಾಜ್ಯ 1953ರಲ್ಲಿ ಕಾರ್ಮಿಕ ಕಲ್ಯಾಣ ನಿಧಿ ಕಾಯ್ದೆ ತಂದು, ಯಾರೂ ಕೇಳದ ಸಂಬಳವನ್ನು ಸರ್ಕಾರದ ನಿಧಿಗೆ ಕಟ್ಟಬೇಕೆಂದಿತು. ಬಾಂಬೆ ಡೈಯಿಂಗ್ ಕಂಪನಿ ಇದನ್ನು ಪ್ರಶ್ನಿಸಿತು. 1957ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಆ ವಿಧಿಯನ್ನು ರದ್ದು ಮಾಡಿತು.

ಕಂಪನಿ ಗೆದ್ದಿತು ಎಂಬಷ್ಟಕ್ಕೆ ಈ ತೀರ್ಪನ್ನು ಓದಿ ಬಿಡಬಾರದು. ಅವಧಿ ಮೀರಿದರೆ ಸಾಲ ಸಾಯುವುದಿಲ್ಲ, ಕೋರ್ಟಿಗೆ ಹೋಗುವ ದಾರಿಯಷ್ಟೇ ಮುಚ್ಚುತ್ತದೆ ಎಂದು ಕೋರ್ಟು ಹೇಳಿತು. ಮಾಲೀಕನಿಂದ ಹಣ ಪಡೆದ ಸರ್ಕಾರ ಅವನನ್ನು ಋಣದಿಂದ ಬಿಡಿಸಿರಲಿಲ್ಲ. ಕಾರ್ಮಿಕನಿಗೆ ನೋಟಿಸ್ ಕೊಡುವ, ಅವನು ಬಂದು ಕೇಳಿದರೆ ವಿಚಾರಿಸಿ ಹಣ ಕೊಡುವ ಏರ್ಪಾಡೂ ಕಾಯ್ದೆಯಲ್ಲಿರಲಿಲ್ಲ. ಅಮೆರಿಕದ ರಾಜ್ಯಗಳ ಇಂಥದೇ ಕಾನೂನುಗಳನ್ನು ಕೋರ್ಟು ಪರಿಶೀಲಿಸಿ, ಅಲ್ಲಿರುವ ಈ ಕಟ್ಟುಪಾಡುಗಳು ಇಲ್ಲಿಲ್ಲವೆಂದಿತು. ಮುಂದೆ ತಿದ್ದುಪಡಿಯಾಗಿ ನೋಟಿಸ್, ಕ್ಲೇಮು, ವಿಚಾರಣೆ ಮೂರೂ ಸೇರಿದವು. ಕೇಳುವವರಿಲ್ಲದ ಹಣವನ್ನು ಸರ್ಕಾರ ತನ್ನ ಕೈಗೆ ತೆಗೆದುಕೊಂಡರೂ ಹಕ್ಕುದಾರನ ದಾರಿಯನ್ನು ತೆರೆದಿಡಬೇಕು ಎಂಬ ತತ್ವ ನಮ್ಮ ದೇಶದಲ್ಲಿ ಗಟ್ಟಿಯಾದದ್ದು ಹೀಗೆ, ಗಿರಣಿ ಕೂಲಿಯ ಮೇಲೆ.

ನಮ್ಮ ರಾಜ್ಯದ ಕಾರ್ಮಿಕ ಕಲ್ಯಾಣ ನಿಧಿ ಕಾಯ್ದೆ 1965ರದು, ರಾಜ್ಯಕ್ಕೆ ಇನ್ನೂ ಮೈಸೂರು ಎಂಬ ಹೆಸರಿದ್ದಾಗಿನದು. ಸಂದಾಯವಾಗದೆ ಮೂರು ವರ್ಷ ಉಳಿದ ಸಂಬಳವನ್ನು ಮಾಲೀಕರು ಕರ್ನಾಟಕ ಕಾರ್ಮಿಕ ಕಲ್ಯಾಣ ಮಂಡಳಿಗೆ ಕಟ್ಟಬೇಕು. ಪಿಎಫ್ ವಂತಿಗೆ ಇದರಲ್ಲಿ ಸೇರುವುದಿಲ್ಲ. ಕೆಲಸ ಬಿಟ್ಟಾಗ ಕೊನೆಯ ಲೆಕ್ಕ ಚುಕ್ತಾ ಮಾಡಿಸಿಕೊಳ್ಳದವರು ಮೊದಲು ಕಂಪನಿಯನ್ನೇ ಲಿಖಿತವಾಗಿ ಕೇಳಬೇಕು. ಹಣ ಮಂಡಳಿಗೆ ಹೋಗಿದೆ ಎಂದರೆ ಯಾವ ವರ್ಷ, ಎಷ್ಟು ಎಂಬ ವಿವರ ಪಡೆದು ಮಂಡಳಿಗೆ ಅರ್ಜಿ ಹಾಕಬೇಕು. ಹಾಜರಾತಿ ಸಂಖ್ಯೆ, ಹಳೆಯ ಸಂಬಳದ ಚೀಟಿ, ಇಎಸ್‌ಐ ಸಂಖ್ಯೆ ಇವುಗಳಲ್ಲಿ ಒಂದಾದರೂ ಕೈಯಲ್ಲಿದ್ದರೆ ಕೆಲಸ ಹಗುರ. ಇಲ್ಲಿ ಕ್ಲೇಮಿಗೆ ಗಡುವಿದೆ. ಗಡುವು ಮೀರಿದರೆ ಹಣ ನಿಧಿಯ ಪಾಲು.

ಗಡುವಿನ ವಿಷಯದಲ್ಲಿ ಕಾನೂನು ಎಲ್ಲ ಕಡೆ ಒಂದೇ ರೀತಿ ನಡೆದುಕೊಂಡಿಲ್ಲ. ಕಂಪನಿಗಳ ಡಿವಿಡೆಂಡ್, ಅಂದರೆ ಷೇರುದಾರರಿಗೆ ಹಂಚುವ ಲಾಭದ ಪಾಲು, ನೋಡಿ. 1974ರ ತಿದ್ದುಪಡಿಯ ಪ್ರಕಾರ ಮೂರು ವರ್ಷ ಯಾರೂ ಪಡೆಯದ ಡಿವಿಡೆಂಡ್ ಕೇಂದ್ರ ಸರ್ಕಾರದ ಖಾತೆಗೆ ಹೋಗುತ್ತಿತ್ತು, ಆದರೆ ಷೇರುದಾರ ಸರ್ಕಾರವನ್ನು ಕೇಳಿ ಪಡೆಯಬಹುದಿತ್ತು. 1999ರ ತಿದ್ದುಪಡಿ ಕಾಲಾವಧಿಯನ್ನು ಏಳು ವರ್ಷಕ್ಕೆ ಏರಿಸಿತು. ಏಳು ವರ್ಷದ ಬಳಿಕ ಹಣ ಹೂಡಿಕೆದಾರರ ಶಿಕ್ಷಣ ಮತ್ತು ರಕ್ಷಣಾ ನಿಧಿಗೆ, ಅಂದರೆ ಐಇಪಿಎಫ್‌ಗೆ, ಹೋಗುತ್ತದೆ, ಆಮೇಲೆ ಯಾರ ಕ್ಲೇಮೂ ನಡೆಯದು ಎಂದು ಬರೆಯಿತು. ಹೂಡಿಕೆದಾರರ ರಕ್ಷಣೆಯ ಹೆಸರಿನ ನಿಧಿಯೇ ಹೂಡಿಕೆದಾರನ ಬಾಗಿಲು ಮುಚ್ಚಿದ್ದು ಅನ್ಯಾಯವೇ ಆಗಿತ್ತು. 2013ರ ಕಂಪನಿ ಕಾಯ್ದೆ ಆ ತಪ್ಪನ್ನು ತಿದ್ದಿತು. 2016ರ ಸೆಪ್ಟೆಂಬರಿನಲ್ಲಿ ಐಇಪಿಎಫ್ ಪ್ರಾಧಿಕಾರ ಜಾರಿಗೆ ಬಂದ ಮೇಲೆ ಕ್ಲೇಮು ಮತ್ತೆ ಸಾಧ್ಯವಾಯಿತು. ಈಗ ಸತತ ಏಳು ವರ್ಷ ಡಿವಿಡೆಂಡ್ ಪಡೆಯದಿದ್ದರೆ ಷೇರುಗಳೇ ಪ್ರಾಧಿಕಾರಕ್ಕೆ ವರ್ಗವಾಗುತ್ತವೆ. ಅವನ್ನು ಮರಳಿ ಪಡೆಯಲು ಐಇಪಿಎಫ್-5 ಎಂಬ ನಮೂನೆಯನ್ನು ಆನ್‌ಲೈನಿನಲ್ಲಿ ತುಂಬಿ, ಅದರ ಪ್ರತಿ ಮತ್ತು ದಾಖಲೆಗಳನ್ನು ಕಂಪನಿಯ ನೋಡಲ್ ಅಧಿಕಾರಿಗೆ (ಈ ಕ್ಲೇಮುಗಳನ್ನು ನೋಡಿಕೊಳ್ಳುವವರಿಗೆ) ಕಳಿಸಬೇಕು. ಷೇರುಗಳು ಮರಳುವುದು ಡಿಮ್ಯಾಟ್ ಖಾತೆಗೆ, ಅಂದರೆ ಷೇರುಗಳನ್ನು ಎಲೆಕ್ಟ್ರಾನಿಕ್ ರೂಪದಲ್ಲಿಡುವ ಖಾತೆಗೆ. ಅಪ್ಪನ ಟ್ರಂಕಿನಲ್ಲಿ ಕಾಗದದ ಷೇರುಪತ್ರ ಸಿಕ್ಕವರು ಆ ಖಾತೆಯನ್ನು ಮೊದಲೇ ತೆರೆದಿಟ್ಟುಕೊಳ್ಳಬೇಕು.

ಬ್ಯಾಂಕ್ ಠೇವಣಿ ಕೇಳಲು ಗಡುವೇ ಇಲ್ಲ. ಎರಡು ವರ್ಷ ಗ್ರಾಹಕನಿಂದ ವ್ಯವಹಾರವಿಲ್ಲದಿದ್ದರೆ ಉಳಿತಾಯ ಖಾತೆ ನಿಷ್ಕ್ರಿಯ. ಹತ್ತು ವರ್ಷವಾದರೆ ಹಣ ರಿಸರ್ವ್ ಬ್ಯಾಂಕಿನ ಠೇವಣಿದಾರರ ಶಿಕ್ಷಣ ಮತ್ತು ಜಾಗೃತಿ ನಿಧಿಗೆ ಹೋಗುತ್ತದೆ. 2014ರಲ್ಲಿ ಆರಂಭವಾದ ಈ ನಿಧಿಯಲ್ಲಿ 2024ರ ಮಾರ್ಚ್ ಕೊನೆಗೆ 78,213 ಕೋಟಿ ರೂಪಾಯಿ ಇತ್ತು. ಎಫ್‌ಡಿಗೆ ಹತ್ತು ವರ್ಷದ ಎಣಿಕೆ ಶುರುವಾಗುವುದು ಅದರ ಅವಧಿ ಮುಗಿದ ದಿನದಿಂದ. ಹಣ ಎಂದಾದರೂ ಸಿಗುತ್ತದೆಂದು ಸುಮ್ಮನಿರಬಾರದು: 2021ರ ಮೇ 11ರಿಂದ ಆ ನಿಧಿಯಲ್ಲಿರುವ ಬಡ್ಡಿ ಬರುವ ಠೇವಣಿಗೆ ಸಿಗುವುದು ವರ್ಷಕ್ಕೆ ಶೇ. 3ರ ಸರಳ ಬಡ್ಡಿ. ಚಾಲ್ತಿ ಖಾತೆಯ ಹಣಕ್ಕೆ ಅದೂ ಇಲ್ಲ.

ಹುಡುಕಲು ರಿಸರ್ವ್ ಬ್ಯಾಂಕು 2023ರ ಆಗಸ್ಟ್‌ನಲ್ಲಿ ಉದ್ಗಮ್ ಎಂಬ ಜಾಲತಾಣ ತೆರೆಯಿತು. ಏಳು ಬ್ಯಾಂಕುಗಳಿಂದ ಆರಂಭವಾದದ್ದು 2024ರ ಮಾರ್ಚ್ ಹೊತ್ತಿಗೆ 30 ಬ್ಯಾಂಕುಗಳಿಗೆ ಏರಿತು. ನಿಧಿಯಲ್ಲಿರುವ ಹಣದ ಸುಮಾರು ಶೇ. 90 ಭಾಗ ಈ ಬ್ಯಾಂಕುಗಳದೇ. ಮೊಬೈಲ್ ಸಂಖ್ಯೆಯಿಂದ ನೋಂದಾಯಿಸಿ, ಖಾತೆದಾರರ ಹೆಸರು ಮತ್ತು ಬ್ಯಾಂಕು ಕೊಟ್ಟು, ಪಾನ್, ಮತದಾರರ ಚೀಟಿ, ಚಾಲನಾ ಪರವಾನಗಿ, ಪಾಸ್‌ಪೋರ್ಟ್, ಜನ್ಮದಿನಾಂಕ ಇವುಗಳಲ್ಲಿ ಒಂದನ್ನು ತುಂಬಬೇಕು. ಯಾವುದೂ ಇಲ್ಲದಿದ್ದರೆ ವಿಳಾಸ ಸಾಕು. ಸಿಕ್ಕರೆ ಒಂದು ಉಲ್ಲೇಖ ಸಂಖ್ಯೆ ಬರುತ್ತದೆ. ಅದನ್ನು ಬರೆದಿಟ್ಟುಕೊಳ್ಳಿ. ಉದ್ಗಮ್ ಹುಡುಕಿಕೊಡುತ್ತದೆ ಅಷ್ಟೆ. ಹಣ ಕೊಡುವುದು ಬ್ಯಾಂಕು, ಕೊಟ್ಟ ಮೇಲೆ ಅದು ರಿಸರ್ವ್ ಬ್ಯಾಂಕಿನಿಂದ ತುಂಬಿಸಿಕೊಳ್ಳುತ್ತದೆ.

ಕನ್ನಡದ ಹೆಸರುಗಳು ಇಲ್ಲಿ ಬಹಳ ಕಾಡುತ್ತವೆ. ಹಳೆಯ ಖಾತೆಗಳಲ್ಲಿ ಗುಮಾಸ್ತರು ಕಿವಿಗೆ ಕೇಳಿದಂತೆ ಇಂಗ್ಲಿಷ್ ಅಕ್ಷರದಲ್ಲಿ ಬರೆದಿದ್ದಾರೆ. ಗೌಡ, ಲಕ್ಷ್ಮಿ, ಶೆಟ್ಟಿ ಒಂದೊಂದಕ್ಕೂ ಎರಡು ಮೂರು ಕಾಗುಣಿತ. ವೆಂಕಟೇಶ, ವೆಂಕಟೇಶಪ್ಪ ಎರಡೂ ಒಬ್ಬರೇ ಆಗಿರಬಹುದು. ಇನಿಷಿಯಲ್ ಒಮ್ಮೆ ಮುಂದೆ, ಒಮ್ಮೆ ಹಿಂದೆ. ಒಂದು ಸಲ ಹುಡುಕಿ ಸಿಗಲಿಲ್ಲ ಎಂದು ಕೈಬಿಡಬೇಡಿ, ಹೆಸರಿನ ಮೊದಲ ಭಾಗವಷ್ಟೇ ಕೊಟ್ಟು, ಬೇರೆ ಬೇರೆ ಕಾಗುಣಿತದಲ್ಲಿ ಮತ್ತೆ ಹುಡುಕಿ. ಇನ್ನೊಂದು ಎಡವಟ್ಟು ಬ್ಯಾಂಕಿನ ಹೆಸರಿನದು. ಪಾಸ್‌ಬುಕ್ಕಿನ ಮೇಲಿರುವ ಬ್ಯಾಂಕು ಇಂದು ಇಲ್ಲದೆ ಹೋಗಿರಬಹುದು. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ ಎಸ್‌ಬಿಐಗೆ ಸೇರಿತು, ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾಕ್ಕೆ. 2020ರ ಏಪ್ರಿಲ್‌ನಲ್ಲಿ ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿಗೂ ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೂ ಸೇರಿದವು. ಕರ್ನಾಟಕದಲ್ಲಿ ಹುಟ್ಟಿದ ಬ್ಯಾಂಕುಗಳೇ ಇಷ್ಟು ಕರಗಿರುವುದರಿಂದ ನಮ್ಮ ಮನೆಗಳ ಹಳೆಯ ಖಾತೆಗಳನ್ನು ಹೊಸ ಹೆಸರಿನ ಬ್ಯಾಂಕಿನಲ್ಲೇ ಹುಡುಕಬೇಕು. ಉದ್ಗಮ್‌ನಲ್ಲಿ ಇಲ್ಲದ ಬ್ಯಾಂಕಾದರೆ ಅದರ ಜಾಲತಾಣದಲ್ಲಿರುವ ಪಟ್ಟಿ ನೋಡಿ. ಹಳ್ಳಿಯ ಪತ್ತಿನ ಸಹಕಾರ ಸಂಘದಲ್ಲಿಟ್ಟ ಹಣ ಈ ವ್ಯವಸ್ಥೆಯೊಳಗೇ ಬರುವುದಿಲ್ಲ, ಸಂಘವನ್ನೇ ಕೇಳಬೇಕು.

ಖಾತೆದಾರರು ಬದುಕಿದ್ದರೆ ಕೆವೈಸಿ (ಗುರುತು, ವಿಳಾಸದ ದಾಖಲೆ) ಹೊಸದು ಮಾಡಿಸಿದರೆ ಸಾಕು. ಅದನ್ನು ಆ ಬ್ಯಾಂಕಿನ ಯಾವ ಶಾಖೆಯಲ್ಲಾದರೂ ಮಾಡಿಸಬಹುದು. ನಿಷ್ಕ್ರಿಯ ಖಾತೆ ತೆರೆಯಲು ಶುಲ್ಕವಿಲ್ಲ. ಖಾತೆದಾರರು ತೀರಿಕೊಂಡಿದ್ದರೆ ನಾಮಿನಿ ಇದ್ದಾರೆಯೇ ಎಂಬುದನ್ನು ಮೊದಲು ಕೇಳಿ. ಇದ್ದರೆ ಮರಣ ಪ್ರಮಾಣಪತ್ರ, ನಾಮಿನಿಯ ಗುರುತು, ಅರ್ಜಿ ಸಾಕು. (ನಾಮಿನಿ ಹಣ ಪಡೆಯುತ್ತಾರೆ, ಆದರೆ ಉಳಿದ ವಾರಸುದಾರರ ಪಾಲು ಅಳಿಯುವುದಿಲ್ಲ.) ನಾಮಿನಿ ಇಲ್ಲದಿದ್ದರೆ ನಾಡ ಕಚೇರಿಯಿಂದ ವಂಶವೃಕ್ಷ, ಉಳಿದ ವಾರಸುದಾರರ ಒಪ್ಪಿಗೆ ಪತ್ರ, ಜವಾಬ್ದಾರಿ ಮುಚ್ಚಳಿಕೆ ಬೇಕು. ಸಣ್ಣ ಮೊತ್ತಕ್ಕೂ ಕೋರ್ಟಿನ ಉತ್ತರಾಧಿಕಾರ ಪ್ರಮಾಣಪತ್ರ ತನ್ನಿ ಎಂದು ಶಾಖೆಗಳು ಜನರನ್ನು ಅಲೆಸುತ್ತಿದ್ದವು. 2025ರ ನಿರ್ದೇಶನದಲ್ಲಿ ರಿಸರ್ವ್ ಬ್ಯಾಂಕು, ತಕರಾರಿಲ್ಲದಿದ್ದರೆ ವಾಣಿಜ್ಯ ಬ್ಯಾಂಕುಗಳಲ್ಲಿ 15 ಲಕ್ಷ, ಸಹಕಾರಿ ಬ್ಯಾಂಕುಗಳಲ್ಲಿ 5 ಲಕ್ಷದವರೆಗೆ ಸರಳ ವಿಧಾನವನ್ನೇ ಅನುಸರಿಸಬೇಕೆಂದಿದೆ. ದಾಖಲೆ ಪೂರ್ತಿ ಸಲ್ಲಿಸಿದ 15 ದಿನದೊಳಗೆ ಇತ್ಯರ್ಥ ಮಾಡಬೇಕು. ಹಾಗಾಗಿ ಅರ್ಜಿಯ ಪ್ರತಿಯ ಮೇಲೆ ದಿನಾಂಕವಿರುವ ಮೊಹರು ಹಾಕಿಸಿಕೊಳ್ಳುವುದನ್ನು ಮರೆಯಬೇಡಿ. ಹೆಸರು ಹೊಂದದಿದ್ದರೆ, ಎರಡೂ ಹೆಸರು ಒಬ್ಬರದೇ ಎಂಬ ನೋಟರಿ ಪ್ರಮಾಣಪತ್ರದ ಜೊತೆಗೆ ಹಳೆಯ ಶಾಲಾ ದಾಖಲೆಯನ್ನೋ ಪಡಿತರ ಚೀಟಿಯನ್ನೋ ಇಡಿ.

ಅಂಚೆ ಕಚೇರಿ ಉಳಿತಾಯ, ಪಿಪಿಎಫ್, ಇಪಿಎಫ್, ವಿಮೆಯ ಹಣ ಹೋಗುವುದು ಇನ್ನೊಂದು ಕಡೆಗೆ, 2015ರಲ್ಲಿ ಹುಟ್ಟಿದ ಹಿರಿಯ ನಾಗರಿಕರ ಕಲ್ಯಾಣ ನಿಧಿಗೆ. ಅಲ್ಲಿಗೆ ಹೋದ ಮೇಲೂ 25 ವರ್ಷ ಕ್ಲೇಮು ಮಾಡಬಹುದು. ಆಮೇಲೆ ಅದು ಕೇಂದ್ರ ಸರ್ಕಾರದ್ದು. ವಿಮೆಯನ್ನು ಹುಡುಕಲು ಪ್ರತಿ ಕಂಪನಿಯ ಜಾಲತಾಣದಲ್ಲೂ ಸೌಲಭ್ಯವಿದೆ. ಪಾಲಿಸಿ ಬಾಂಡು ಕಳೆದಿದ್ದರೂ ಹೆಸರು ಮತ್ತು ಜನ್ಮದಿನಾಂಕದಿಂದ ಶುರು ಮಾಡಬಹುದು.

ಭೂಸ್ವಾಧೀನದ ಪರಿಹಾರ ಹೆಚ್ಚು ನೋವಿನ ಕಥೆ. ಪಹಣಿ ತಾತನ ಹೆಸರಿನಲ್ಲೇ ಇದ್ದು ಪೌತಿ ಖಾತೆಯಾಗಿರದಿದ್ದರೆ (ವಾರಸುದಾರರ ಹೆಸರಿಗೆ ಬದಲಾಗಿರದಿದ್ದರೆ), ಅಥವಾ ಅಣ್ಣತಮ್ಮಂದಿರಲ್ಲಿ ತಕರಾರಿದ್ದರೆ, ಅಧಿಕಾರಿ ಯಾರಿಗೂ ಹಣ ಕೊಡದೆ ಠೇವಣಿ ಇಡುತ್ತಾರೆ: 1894ರ ಹಳೆಯ ಕಾಯ್ದೆಯಡಿ ಕೋರ್ಟಿನಲ್ಲಿ, 2013ರ ಕಾಯ್ದೆಯಡಿ ಭೂಸ್ವಾಧೀನ ಪ್ರಾಧಿಕಾರದಲ್ಲಿ. 2013ರ ಕಾಯ್ದೆಯಂತೆ ಸ್ವಾಧೀನಕ್ಕೆ ಮೊದಲು ಹಣ ಕೊಡದೆಯೂ ಠೇವಣಿ ಇಡದೆಯೂ ಹೋದರೆ ಮೊದಲ ವರ್ಷ ಶೇ. 9, ಆಮೇಲೆ ಶೇ. 15 ಬಡ್ಡಿ ಕೊಡಬೇಕು. ಠೇವಣಿಯಾದ ದಿನವೇ ಆ ಬಡ್ಡಿ ನಿಲ್ಲುತ್ತದೆ. ಆದ್ದರಿಂದ ಅವಾರ್ಡ್ (ಪರಿಹಾರ ನಿಗದಿ ಮಾಡಿದ ಆದೇಶ) ಸಂಖ್ಯೆ, ಸರ್ವೆ ನಂಬರ್ ಹಿಡಿದು ಸ್ವಾಧೀನಾಧಿಕಾರಿಯ ಕಚೇರಿಯಲ್ಲಿ ಠೇವಣಿಯ ದಿನಾಂಕ ಮತ್ತು ಪ್ರಕರಣ ಸಂಖ್ಯೆಯನ್ನು ಲಿಖಿತವಾಗಿ ಪಡೆಯಿರಿ. ಕೊಡದಿದ್ದರೆ ಮಾಹಿತಿ ಹಕ್ಕಿನಡಿ 10 ರೂಪಾಯಿಯ ಅರ್ಜಿ ಹಾಕಿ. ತಕರಾರು ತೀರುವುದು ತಡವಾಗುವಂತಿದ್ದರೆ, ಅಷ್ಟರವರೆಗೆ ಹಣವನ್ನು ಬ್ಯಾಂಕ್ ಎಫ್‌ಡಿಯಲ್ಲಿಡಲು ಆದೇಶ ಕೋರಿ ವಕೀಲರ ಮೂಲಕ ಅರ್ಜಿ ಕೊಡಿ. ಅದೇ ಹೊತ್ತಿಗೆ ಪೌತಿ ಖಾತೆಗೂ ನಾಡ ಕಚೇರಿಯಲ್ಲಿ ಅರ್ಜಿ ಹಾಕಿದರೆ ಎರಡು ಕೆಲಸ ಜೊತೆಯಲ್ಲೇ ಸಾಗುತ್ತವೆ, ಎರಡಕ್ಕೂ ಬೇಕಾಗುವುದು ಅದೇ ವಂಶವೃಕ್ಷ, ಅದೇ ಮರಣ ಪ್ರಮಾಣಪತ್ರ.