ಬಿಪಿ ನೋಡಲು ಬರುತ್ತದೆಯೇ? ನರ್ಸಿಂಗ್ ಕೌಶಲದ ಮೌಲ್ಯಮಾಪನ ಕುರಿತ ಟಿಪ್ಪಣಿ

ನರ್ಸಿಂಗ್ ವಿದ್ಯಾರ್ಥಿಗಳ ಪ್ರಾಯೋಗಿಕ ಪರೀಕ್ಷೆ ಬಹುಕಾಲ ನಡೆದುಬಂದದ್ದು ವಾರ್ಡಿನಲ್ಲಿಯೇ. ವಿದ್ಯಾರ್ಥಿನಿಗೆ ಒಬ್ಬ ರೋಗಿಯನ್ನು ವಹಿಸಿಕೊಟ್ಟು, ಆಂತರಿಕ ಮತ್ತು ಬಾಹ್ಯ ಪರೀಕ್ಷಕರು ನಡುನಡುವೆ ಬಂದು ಆಕೆಯ ಕೆಲಸವನ್ನು ನೋಡಿ, ಕೊನೆಗೆ ಮೌಖಿಕ ಪ್ರಶ್ನೆಗಳನ್ನು ಕೇಳಿ ಅಂಕ ಕೊಡುತ್ತಿದ್ದರು. ಒಬ್ಬಳಿಗೆ ನಾಳೆ ಮನೆಗೆ ಹೊರಡಲಿರುವ ರೋಗಿ ಸಿಕ್ಕರೆ ಇನ್ನೊಬ್ಬಳಿಗೆ ಮೈತುಂಬ ನಳಿಕೆಗಳಿರುವ ರೋಗಿ ಸಿಗುತ್ತಿದ್ದುದರಿಂದ, ಕೌಶಲದ ಜೊತೆಗೆ ಅದೃಷ್ಟವೂ ಅಂಕಪಟ್ಟಿಯಲ್ಲಿ ಸೇರಿಹೋಗುತ್ತಿತ್ತು.

ಈ ಅಸಮತೆಯನ್ನು ತಗ್ಗಿಸುವ ಕ್ರಮವೇ ಓಸ್ಕಿ (OSCE), ಅಂದರೆ ವಸ್ತುನಿಷ್ಠವಾಗಿ ರಚಿಸಿದ ಪ್ರಾಯೋಗಿಕ ಪರೀಕ್ಷೆ. ಸ್ಕಾಟ್ಲೆಂಡಿನ ಡಂಡೀಯಲ್ಲಿ ರೊನಾಲ್ಡ್ ಹಾರ್ಡನ್ ಮತ್ತು ಸಂಗಡಿಗರು ವೈದ್ಯ ವಿದ್ಯಾರ್ಥಿಗಳಿಗಾಗಿ ರೂಪಿಸಿ 1975ರಲ್ಲಿ ಪ್ರಕಟಿಸಿದ ಈ ಕ್ರಮಕ್ಕೆ, ಇಂಡಿಯನ್ ನರ್ಸಿಂಗ್ ಕೌನ್ಸಿಲ್ 2021ರಲ್ಲಿ ಪರಿಷ್ಕರಿಸಿದ ಬಿ.ಎಸ್ಸಿ. ನರ್ಸಿಂಗ್ ಪಠ್ಯಕ್ರಮದಲ್ಲಿಯೂ ಸ್ಥಾನವಿದೆ. ಎಲ್ಲರೂ ಅವೇ ಸ್ಟೇಷನ್‌ಗಳನ್ನು (ಒಂದೊಂದು ಕೌಶಲವನ್ನು ಪರೀಕ್ಷಿಸುವ ತಾಣಗಳನ್ನು) ಅಷ್ಟೇ ಅವಧಿಯಲ್ಲಿ ದಾಟುತ್ತಾರೆ; ಗಂಟೆ ಬಾರಿಸಿದೊಡನೆ ಮುಂದಿನ ಸ್ಟೇಷನ್‌ಗೆ ಹೋಗಬೇಕು.

ಆದರೆ ಓಸ್ಕಿಯ ಬೆಲೆ ನಿಂತಿರುವುದು ಪರೀಕ್ಷಕರ ಕೈಯಲ್ಲಿರುವ ಚೆಕ್‌ಲಿಸ್ಟ್ ಎಷ್ಟು ಸೂಕ್ಷ್ಮವಾಗಿದೆ ಎಂಬುದರ ಮೇಲೆ. ಬಿಪಿ ಸ್ಟೇಷನ್ನನ್ನೇ ನೋಡೋಣ. "ಕಫ್ ಕಟ್ಟಿದಳು, ಗಾಳಿ ತುಂಬಿದಳು, ಅಂಕಿ ಹೇಳಿದಳು" ಎಂದಷ್ಟೇ ಬರೆದಿದ್ದರೆ, ಏನನ್ನೂ ಕೇಳಿಸಿಕೊಳ್ಳದೆ "120/80" ಎಂದವಳಿಗೂ ಪೂರ್ಣ ಅಂಕ ಸಿಗುತ್ತದೆ. (ಕಲಿಯುವ ದಿನಗಳಲ್ಲಿ ನಮ್ಮಲ್ಲಿ ಎಷ್ಟು ಮಂದಿ ಹಾಗೆ ಹೇಳಿಲ್ಲ!) ಒಳ್ಳೆಯ ಚೆಕ್‌ಲಿಸ್ಟು ರೋಗಿಯನ್ನು ಐದು ನಿಮಿಷ ಕೂರಿಸಿದ್ದನ್ನು, ತೋಳನ್ನು ಹೃದಯದ ಮಟ್ಟದಲ್ಲಿ ಆನಿಸಿದ್ದನ್ನು, ತೋಳಿನ ಗಾತ್ರಕ್ಕೆ ತಕ್ಕ ಕಫ್ ಆರಿಸಿದ್ದನ್ನು ಬೇರೆಬೇರೆಯಾಗಿ ಗುರುತಿಸುತ್ತದೆ. ಮೊದಲು ಮಣಿಕಟ್ಟಿನ ನಾಡಿಯ ಮೇಲೆ ಬೆರಳಿಟ್ಟು, ಅದು ನಿಲ್ಲುವ ಮಟ್ಟವನ್ನು ಕಂಡುಕೊಂಡು, ಆಮೇಲೆ ಅದಕ್ಕಿಂತ ಸುಮಾರು 30 ಮಿ.ಮೀ. ಮೇಲಕ್ಕೆ ಏರಿಸಿದಳೇ ಎಂಬುದನ್ನು ನೋಡುವುದಕ್ಕೂ ಕಾರಣವಿದೆ: ಕೆಲವರಲ್ಲಿ ಸ್ಟೆತಸ್ಕೋಪಿನಲ್ಲಿ ಕೇಳುವ ಶಬ್ದ ನಡುವೆ ಸ್ವಲ್ಪ ಹೊತ್ತು ಅಡಗಿ ಮತ್ತೆ ಕೇಳಿಸುವುದರಿಂದ, ನಾಡಿ ನೋಡದೆ ಅಳೆದರೆ ಮೇಲಿನ ಅಂಕಿಯನ್ನು ಕಡಿಮೆಯಾಗಿ ಓದುವ ಅಪಾಯವಿರುತ್ತದೆ. ಎರಡು ಜೊತೆ ಕಿವಿನಳಿಕೆಗಳಿರುವ ಬೋಧನಾ ಸ್ಟೆತಸ್ಕೋಪಿನಲ್ಲಿ ಪರೀಕ್ಷಕರೂ ಜೊತೆಗೇ ಆಲಿಸಿದರೆ ಊಹೆಯ ಅಂಕಿಗೆ ಆಸ್ಪದವೇ ಉಳಿಯುವುದಿಲ್ಲ.

ಎಲ್ಲ ಹಂತಗಳಿಗೂ ಸಮನಾಗಿ ಅಂಕ ಹಂಚುವುದು ನನ್ನ ದೃಷ್ಟಿಯಲ್ಲಿ ದೊಡ್ಡ ದೋಷ. ಚುಚ್ಚುಮದ್ದಿನ ಸ್ಟೇಷನ್‌ನಲ್ಲಿ ರೋಗಿಯ ಗುರುತನ್ನು ಖಚಿತಪಡಿಸಿಕೊಳ್ಳದೆ ಉಳಿದೆಲ್ಲವನ್ನೂ ಅಚ್ಚುಕಟ್ಟಾಗಿ ಮಾಡಿದವಳಿಗೆ ಹತ್ತಕ್ಕೆ ಒಂಬತ್ತು ಬಂದರೆ, ಬೇರೆಯವರ ಮದ್ದನ್ನು ಈ ರೋಗಿಗೆ ಕೊಟ್ಟಿರಬಹುದಾದವಳನ್ನು ನಾವು ಜಾಣೆ ಎಂದಂತಾಯಿತು. ಆದ್ದರಿಂದ ಗುರುತು, ಅಲರ್ಜಿ, ಶುಚಿತ್ವ ಇಂಥವುಗಳನ್ನು ನಿರ್ಣಾಯಕ ಹಂತಗಳೆಂದು ಮೊದಲೇ ನಿಗದಿಪಡಿಸಿ, ಅವುಗಳಲ್ಲಿ ಒಂದು ತಪ್ಪಿದರೂ ಆ ಸ್ಟೇಷನ್ ಅನುತ್ತೀರ್ಣವೆಂದು ಪರಿಗಣಿಸಬೇಕು. ಇದರ ಜೊತೆಗೆ ರೋಗಿಯೊಡನೆ ಮಾತನಾಡಿದ ರೀತಿ, ಕೆಲಸದ ಓಘ ಇವುಗಳನ್ನು ಒಟ್ಟಾಗಿ ತೂಗುವ ಸಮಗ್ರ ಅಂಕವೂ ಇರಬೇಕು; ಹೌದು-ಇಲ್ಲ ಎಂಬ ಗುರುತುಗಳಲ್ಲಿ ಇವು ಹಿಡಿಯಲು ಸಿಗುವುದಿಲ್ಲ.

ಒಂದು ಕೌಶಲದಲ್ಲಿ ನುರಿತ ವಿದ್ಯಾರ್ಥಿನಿ ಇನ್ನೊಂದರಲ್ಲಿಯೂ ನುರಿತಿರಬೇಕೆಂದಿಲ್ಲ. ಹೀಗಾಗಿ ಒಂದೇ ಸ್ಟೇಷನ್‌ನಲ್ಲಿ ಇಬ್ಬರು ಪರೀಕ್ಷಕರನ್ನು ಕೂರಿಸುವುದಕ್ಕಿಂತ ಅವರನ್ನು ಎರಡು ಸ್ಟೇಷನ್‌ಗಳಿಗೆ ಹಂಚಿದರೆ ಹೆಚ್ಚು ಕೌಶಲಗಳನ್ನು ನೋಡಿದಂತಾಗಿ ಫಲಿತಾಂಶ ಹೆಚ್ಚು ನಂಬಲರ್ಹವಾಗುತ್ತದೆ.

ವೈದ್ಯಶಿಕ್ಷಣ ತಜ್ಞ ಜಾರ್ಜ್ ಮಿಲ್ಲರ್ ಕೌಶಲದ ಮೌಲ್ಯಮಾಪನಕ್ಕಾಗಿ 1990ರಲ್ಲಿ ಮುಂದಿಟ್ಟ ಪಿರಮಿಡ್ಡಿನ ನಾಲ್ಕು ಮೆಟ್ಟಿಲುಗಳು ಇವು: ತಿಳಿದಿರುವುದು, ಹೇಗೆಂದು ತಿಳಿದಿರುವುದು, ಮಾಡಿ ತೋರಿಸುವುದು, ದಿನನಿತ್ಯ ಮಾಡುವುದು. ಓಸ್ಕಿ ಮುಟ್ಟುವುದು ಮೂರನೆಯದನ್ನು ಮಾತ್ರ. ಪರೀಕ್ಷೆಯ ದಿನ ತಪ್ಪದೆ ಕೈ ತೊಳೆದವಳು ರಾತ್ರಿಪಾಳಿಯ ಮೂರು ಗಂಟೆಯಲ್ಲಿ ತೊಳೆಯುತ್ತಾಳೆಯೇ ಎಂಬುದು ನಾಲ್ಕನೆಯ ಮೆಟ್ಟಿಲಿನ ಪ್ರಶ್ನೆ. ಮಾಡಿದ ಕೆಲಸಗಳನ್ನು ದಾಖಲಿಸುವ ಲಾಗ್‌ಬುಕ್ಕಿನ ಸಹಿಗಳು ಅದಕ್ಕೆ ಉತ್ತರವಾಗಲಾರವು, ಏಕೆಂದರೆ ಅವುಗಳಲ್ಲಿ ಅರ್ಧಕ್ಕರ್ಧ ಸಲ್ಲಿಸುವ ಹಿಂದಿನ ದಿನ ಬಿದ್ದಿರುವುದನ್ನು ನಾನೇ ನೋಡಿದ್ದೇನೆ. ಬೇರೆಬೇರೆ ದಿನಗಳಲ್ಲಿ, ಬೇರೆಬೇರೆ ಸಿಸ್ಟರ್‌ಗಳು ಆಕೆಯ ನಿಜವಾದ ಕೆಲಸವನ್ನು ಹತ್ತು ನಿಮಿಷ ಪಕ್ಕದಲ್ಲಿ ನಿಂತು ನೋಡಿ, ಕಂಡದ್ದನ್ನು ಅಲ್ಲಿಯೇ ತಿಳಿಸಿ, ಅಂದೇ ದಾಖಲಿಸಬೇಕಾಗುತ್ತದೆ.